ಏಡಿ ಕರೆತಂದ ನದಿ

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇತ್ತು. ಬೆಟ್ಟಗಳು ಆಗಷ್ಟೇ ಎದ್ದು ನಿಂತಿದ್ದವು. ಕಾಲು ಅಲ್ಲಾಡಿಸದೆ ಕೇಳಿ ಮಕ್ಕಳೇ, ಆಗ ನೆಲದ ಮೇಲೆ ಒಂದು ನದಿಯೂ ಇರಲಿಲ್ಲ. ಸಮುದ್ರವಿತ್ತು, ಆದರೆ ಅದರ ನೀರು ಬರೀ ಉಪ್ಪು. ಸಿಹಿನೀರು ಎಂದರೆ ಬಯಲಿನ ನಡುವೆ ಇದ್ದ ಒಂದೇ ಒಂದು ಹೊಂಡ.

ಆ ಹೊಂಡದಲ್ಲಿ ಮೀನಮ್ಮ ತನ್ನ ಮರಿಗಳ ಜೊತೆ ಇದ್ದಳು. ದಡದಲ್ಲಿ ಒಂದು ಏಡಿ ಇತ್ತು. ಆಗಿನ ಏಡಿ ಎಲ್ಲರಂತೆ ನೆಟ್ಟಗೆ ಮುಂದಕ್ಕೆ ನಡೆಯುತ್ತಿತ್ತು. ಆ ನಡಿಗೆಯ ಬಗ್ಗೆ ಅದಕ್ಕೆ ಬಹಳ ಹೆಮ್ಮೆ.

ಬಿಸಿಲು ಏರಿತು. ಹೊಂಡ ಕುಗ್ಗಿತು. ಇನ್ನೂ ಕುಗ್ಗಿತು. ಮರಿಗಳ ಬೆನ್ನು ನೀರಿನಿಂದ ಹೊರಗೆ ಕಾಣತೊಡಗಿತು.

ಅಷ್ಟರಲ್ಲಿ ಗಾಳಿ ಓಡೋಡಿ ಬಂತು.

"ಕೇಳಿದಿರಾ? ಬೆಟ್ಟದ ತುದಿಯಲ್ಲಿ ಮೋಡ ಒಡೆದು ನದಿ ಹುಟ್ಟಿದ್ದಾಳೆ! ಸಿಹಿನೀರಿನ ಹುಡುಗಿ! ನಿಂತಲ್ಲಿ ನಿಲ್ಲುವವಳಲ್ಲ!"

"ಏಡಿಯಣ್ಣ, ಅವಳನ್ನು ಕರೆದುಕೊಂಡು ಬಾರಪ್ಪ," ಎಂದು ಮೀನಮ್ಮ ಬೇಡಿದಳು. "ಸಂಜೆಯೊಳಗೆ ಬರದಿದ್ದರೆ ನನ್ನ ಮಕ್ಕಳು ಉಳಿಯುವುದಿಲ್ಲ."

ಏಡಿ ಸರಸರನೆ ಬೆಟ್ಟ ಹತ್ತಿತು. ಎಳೆಯ ನದಿ ಬಂಡೆಯ ಮೇಲೆ ಕುಣಿಯುತ್ತಿದ್ದಳು.

"ಬಾ ತಂಗಿ, ನನ್ನ ಹಿಂದೆಯೇ ಬಾ!" ಎಂದು ಏಡಿ ನೆಟ್ಟಗೆ ಇಳಿಯಿತು. ನದಿಯೂ ನೆಟ್ಟಗೆ ಧುಮುಕಿದಳು. ಧಡ ಧಡ ಧಡ! ಮರ ಉರುಳಿತು. ಬಂಡೆ ಉರುಳಿತು. ಏಡಿಯೂ ತಲೆಕೆಳಗಾಗಿ ಉರುಳಿತು.

"ಇದೆಂಥ ಓಟವೇ ನಿನ್ನದು! ಹೀಗೆ ನುಗ್ಗಿದರೆ ಮರಿಗಳು ಕೊಚ್ಚಿಹೋಗಿ ಉಪ್ಪುನೀರಿಗೆ ಬೀಳುತ್ತವೆ!"

"ನೀನು ನೆಟ್ಟಗೆ ಹೋದೆ, ನಾನೂ ನೆಟ್ಟಗೆ ಬಂದೆ," ಎಂದು ನದಿ ನಕ್ಕಳು. "ಬೆನ್ನು ತಿರುಗಿಸಿಕೊಂಡು ಹೋದರೆ ನನಗೇನು ತಿಳಿಯುತ್ತದೆ? ನಿನ್ನ ಬೆನ್ನಿಗೆ ಬಾಯಿ ಇದೆಯೇ?"

ಮಾತು ಸರಿಯಾಗಿಯೇ ಇತ್ತು. ಏಡಿ ತನ್ನ ನೆಟ್ಟನೆಯ ನಡಿಗೆಯನ್ನು ಬಿಡಬೇಕು, ಇಲ್ಲವೇ ಮರಿಗಳನ್ನು ಬಿಡಬೇಕು. ಅದು ತಟ್ಟನೆ ಪಕ್ಕಕ್ಕೆ ತಿರುಗಿತು. ಒಂದು ಕಣ್ಣು ದಾರಿಯ ಮೇಲೆ, ಇನ್ನೊಂದು ಕಣ್ಣು ನದಿಯ ಮೇಲೆ!

ಅಡ್ಡಡ್ಡ ನಡೆದು ಎಡಕ್ಕೆ ಹೋಯಿತು. "ಬಾ, ಮೆಲ್ಲಗೆ!" ನದಿ ಎಡಕ್ಕೆ ಬಳುಕಿದಳು. ಅಡ್ಡಡ್ಡ ನಡೆದು ಬಲಕ್ಕೆ ಹೋಯಿತು. "ಬಾ, ಮೆಲ್ಲಗೆ!" ನದಿ ಬಲಕ್ಕೆ ಬಳುಕಿದಳು. ಒಂದೊಂದು ತಿರುವಿಗೂ ಅವಳ ಓಟ ಮೆತ್ತಗಾಯಿತು.

"ಅಯ್ಯಯ್ಯೋ, ಏಡಿಯಣ್ಣನ ನಡಿಗೆ ನೋಡಿರೋ!" ಎಂದು ಗಾಳಿ ಬಿದ್ದು ಬಿದ್ದು ನಕ್ಕಿತು.

"ನಗು, ನಗು! ನನಗೆ ನಿಲ್ಲಲು ಹೊತ್ತಿಲ್ಲ!"

ಸೂರ್ಯ ಇಳಿಯುತ್ತಿದ್ದ. ಹೊಂಡ ಅಂಗೈಯಷ್ಟಾಗಿತ್ತು. ಮರಿಗಳು ಬಾಯಿ ಬಾಯಿ ಬಿಡುತ್ತಿದ್ದವು. ಆಗ ಮರಳಿನ ಮೇಲೆ ತಣ್ಣನೆಯ ಒಂದು ಎಳೆ ಹರಿದು ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ನದಿಗೆ ನದಿಯೇ!

"ಬಂದಳು! ಬಂದಳು!" ಎಂದು ಮೀನಮ್ಮ ಕೂಗಿದಳು. ಮರಿಗಳು ಒಂದೊಂದಾಗಿ ಬಾಲ ಬಡಿದವು. ಒಂದೂ ಕೊಚ್ಚಿಹೋಗಲಿಲ್ಲ.

ಏಡಿ ಮತ್ತೆಂದೂ ನೆಟ್ಟಗೆ ನಡೆಯಲಿಲ್ಲ. ಈ ತುಂಟಿಯನ್ನು ನಂಬಿ ಬೆನ್ನು ತಿರುಗಿಸುವುದು ಹೇಗೆ?

ಅದಕ್ಕೇ ಮಕ್ಕಳೇ, ಇಂದಿಗೂ ಬಯಲಿನಲ್ಲಿ ನದಿ ಬಳುಕಿ ಬಳುಕಿ ಹರಿಯುತ್ತದೆ, ಮತ್ತು ನೀವು ದಡದ ಕಲ್ಲನ್ನು ಎತ್ತಿದರೆ ಏಡಿ ಒಂದು ಕಣ್ಣನ್ನು ನೀರಿನ ಮೇಲೇ ಇಟ್ಟುಕೊಂಡು ಅಡ್ಡಡ್ಡ ಓಡುತ್ತದೆ.