ಹೊಳೆ ಎರಡಡಿ, ದಾಟಬಹುದು

ಹೊಳೆದಂಡೆಯ ಆಶ್ರಮವೊಂದರಲ್ಲಿ ಕಂಪ್ಯೂಟರ್ ಕಲಿಸುವ ಗುರುಗಳೊಬ್ಬರಿದ್ದರು. ಹೆಸರು ಮಹಾನಂದಾ. ಕಲಿಸುವ ಹೆಂಗಸರನ್ನು ಆ ಕಡೆ ಅಕ್ಕೋರು ಅನ್ನುತ್ತಾರೆ. ಹಾಗಾಗಿ ಎಲ್ಲರಿಗೂ ಅವರು ಅಕ್ಕೋರು.

ಆಶ್ರಮ ಅಂದಕೂಡಲೇ ಜಿಂಕೆ, ನವಿಲು ಅಂತೆಲ್ಲ ಕಲ್ಪಿಸಿಕೊಳ್ಳುವುದು ಬೇಡ. ಒಂದು ಬೇವಿನ ಮರ, ತಗಡು ಹೊದಿಸಿದ ಲ್ಯಾಬು, ಒಳಗೆ ಹದಿನೆಂಟು ಕಂಪ್ಯೂಟರು. ಅವುಗಳಲ್ಲಿ ಹನ್ನೊಂದು ಚಾಲೂ ಇದ್ದವು. ಮೂರು ವರ್ಷದ ಡಿಗ್ರಿ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರೋಗ್ರಾಮನ್ನೋ ವೆಬ್‌ಸೈಟನ್ನೋ ತಾವೇ ಕಟ್ಟಿ, ಹೊರಗಿನಿಂದ ಬಂದ ಪರೀಕ್ಷಕರೆದುರು ನಡೆಸಿ ತೋರಿಸಬೇಕು.

ಅಂಕ ಹಾಕುವವರು ಪರೀಕ್ಷಕರು. ಆದರೆ ಅಂಕ ಬೀಳುವ ಮೊದಲು ಅಕ್ಕೋರದೊಂದು ಪದ್ಧತಿ ಇತ್ತು. ಶಿಷ್ಯರು ಕಟ್ಟಿದ್ದು ಏನು ಹೇಳುತ್ತದೋ ಅದನ್ನು ಅವರು ಒಂದು ಸಲ ಮಾಡಿಯೇ ನೋಡುವರು.

ಹಿಂದಿನ ವರ್ಷ ಒಬ್ಬಳು ಆಶ್ರಮದ ಅಡುಗೆಮನೆಗೆಂದು ಲೆಕ್ಕದ ಪ್ರೋಗ್ರಾಮು ಬರೆದಿದ್ದಳು. ಅದು ಹೇಳಿದಷ್ಟು ಉಪ್ಪನ್ನೇ ಅಕ್ಕೋರು ಸಾರಿಗೆ ಹಾಕಿಸಿದರು. ನಾಲಿಗೆಗೆ ತಾಗಿಸಲಾರದಷ್ಟು ಉಪ್ಪು. ಅಕ್ಕೋರು ಮುಖ ಸಿಂಡರಿಸದೆ ಎರಡು ಸಲ ಹಾಕಿಸಿಕೊಂಡು ಉಂಡರು. ಹುಡುಗಿ ಅಳುತ್ತ ಲ್ಯಾಬಿಗೆ ಓಡಿದಳು. ಮರುದಿನದ ಸಾರು ಚೆನ್ನಾಗಿತ್ತಂತೆ.

ಈ ವರ್ಷ ಚನ್ನವೀರನ ಸರದಿ.

ಚನ್ನವೀರ ಒಂದು ಸಲ ಡುಮ್ಕಿ ಹೊಡೆದವನು. ಊರಲ್ಲಿ ಅವನ ಅಣ್ಣ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದ: ಈ ಸಲವೂ ಫೇಲಾದರೆ ಓದು ಸಾಕು, ಇಟ್ಟಿಗೆ ಭಟ್ಟಿಗೆ ಬಾ. ಚನ್ನವೀರನಿಗೆ ಇಟ್ಟಿಗೆಯ ಮೇಲೆ ಸಿಟ್ಟಿರಲಿಲ್ಲ. ಕೋಡ್ ಬರೆಯುವುದರಲ್ಲಿ ಜೀವವಿತ್ತು, ಅಷ್ಟೇ.

ಅವನು ಕಟ್ಟಿದ್ದು ಹೊಳೆಯ ವೆಬ್‌ಸೈಟು. ಮೇಲೆ ಅಣೆಕಟ್ಟೆಯಲ್ಲಿ ಎಷ್ಟು ನೀರು ಬಿಟ್ಟಿದ್ದಾರೆ ಅನ್ನುವ ಅಂಕಿ ಗಂಟೆಗೊಮ್ಮೆ ಬರುತ್ತದೆ. ಅದನ್ನು ಹಿಡಿದು, ಆಶ್ರಮದ ಮುಂದೆ ಜನ ನಡೆದು ದಾಟುವ ಜಾಗದಲ್ಲಿ ನೀರು ಎಷ್ಟಡಿ ಆಗುತ್ತದೆ, ದಾಟಬಹುದೋ ಬಾರದೋ ಅಂತ ಪುಟ ಹೇಳುತ್ತದೆ. ಬಿಟ್ಟ ನೀರು ಇಲ್ಲಿಗೆ ಮುಟ್ಟಲು ನಾಲ್ಕು ತಾಸು ಬೇಕು. ಹಿಂದಿನಿಂದ ನೀರು ಬರುತ್ತಿದೆ ಅಂತ ದಂಡೆಯಲ್ಲಿ ನಿಂತು ನೋಡಿದರೆ ತಿಳಿಯುವುದಿಲ್ಲ. ಎರಡಡಿ ಇದ್ದರೆ ಮಕ್ಕಳೂ ದಾಟುತ್ತಾರೆ, ನಾಲ್ಕಡಿ ಆದರೆ ಎತ್ತು ಕೂಡ ಕಾಲೂರಿ ನಿಲ್ಲಲಾರದು.

ಆಚೆ ದಂಡೆಯ ಊರಿನವರು ಆಗಲೇ ಫೋನಿನಲ್ಲಿ ಪುಟ ನೋಡಿಕೊಂಡು ಹೊಳೆಗೆ ಇಳಿಯುತ್ತಿದ್ದರು. ಹಿಂದಿನ ಸಂಜೆ ಅಕ್ಕೋರು ಕೋಡನ್ನೆಲ್ಲ ಓದಿ, "ಚಲೋ ಮಾಡೀದಿ" ಅಂದಿದ್ದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಚನ್ನವೀರ ಪುಟ ತೆರೆದ. ಪುಟವಿರಲಿಲ್ಲ. ಬರೀ ಬಿಳಿ, ನಡುವೆ ಕೆಂಪಕ್ಷರದ ಎರರ್.

ಆರು ಗಂಟೆಯ ಅಂಕಿಯೇ ಕೊನೆ. ಏಳರದು ಬಂದಿಲ್ಲ, ಎಂಟರದು ಬಂದಿಲ್ಲ, ಒಂಬತ್ತರದೂ ಇಲ್ಲ. ಅಂಕಿ ಬಾರದಿದ್ದರೆ ಏನು ಮಾಡಬೇಕೆಂದು ಅವನು ಬರೆದೇ ಇರಲಿಲ್ಲ. ಗುರುಗಳೂ ಅದನ್ನು ಗಮನಿಸಿರಲಿಲ್ಲ.

ಆಫೀಸಿನಲ್ಲಿ ಪರೀಕ್ಷಕರಾದ ಹೊಸಮನಿ ಸರ್ ಒಗ್ಗರಣೆ ಅವಲಕ್ಕಿ ಮುಗಿಸಿ ಚಹಾ ಕುಡಿಯುತ್ತಿದ್ದರು. ಕಪ್ಪು ಕೆಳಗಿಟ್ಟ ಸಪ್ಪಳ ಲ್ಯಾಬಿನವರೆಗೂ ಕೇಳಿಸಿತು.

ಚನ್ನವೀರ ಕೀಬೋರ್ಡು ಎಳೆದುಕೊಂಡ. ನಾಲ್ಕು ಸಾಲು ಬರೆದ. ಹೊಸ ಅಂಕಿ ಬಾರದಿದ್ದರೆ ಹಳೆಯದನ್ನೇ ತೋರಿಸು. ಪಕ್ಕದಲ್ಲಿ ಈಗಿನ ಹೊತ್ತು ಹಾಕು.

ಎಂಟು ದಿನದಿಂದ ಎರಡಡಿಯೇ ಇದೆ, ಇವತ್ತೇನು ಬದಲಾಗುತ್ತದೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸುಳ್ಳು ಹೇಳುವವರಿಗೆ ಸಮಾಧಾನಕ್ಕೆ ಯಾವತ್ತೂ ಬರವಿಲ್ಲ.

ಪುಟ ತೆರೆಯಿತು. ಹಸಿರು ಬಣ್ಣದಲ್ಲಿ ಬರೆದಿತ್ತು: ಹೊಳೆ ಎರಡಡಿ, ದಾಟಬಹುದು.

ಹೊಸಮನಿ ಸರ್ ಬಂದು ಕೂತರು. ಅಕ್ಕೋರು ಹಿಂದೆ ನಿಂತರು.

ಸರ್ ಅದನ್ನು ಒತ್ತಿಸಿ, ಇದನ್ನು ಒತ್ತಿಸಿ ನೋಡಿದರು. ಫೋನಿನಲ್ಲೂ ತೆರೆದು ನೋಡಿದರು. ಖುಷಿಯಾಯಿತು.

"ನಡುವ ಕೈ ಕೊಡ್ತೈತೇನಪಾ ಇದು?"

"ಇಲ್ರಿ ಸರ್."

"ಒಮ್ಮೆನೂ?"

"ಇಲ್ರಿ."

ಸರ್ ಪೆನ್ನಿನ ಟೊಪ್ಪಿಗೆ ತೆಗೆದರು. "ನಲವತ್ತಕ್ಕ ಮೂವತ್ತಾರು ಬರೀತೀನ್ರಿ ಮೇಡಂ. ಹುಡುಗ ಶಾಣ್ಯಾ ಅದಾನ."

"ಸ್ವಲ್ಪ ತಡೀರಿ," ಅಂದರು ಅಕ್ಕೋರು. ಆಮೇಲೆ ಶಿಷ್ಯನ ಕಡೆ ತಿರುಗಿದರು.

"ಹೊಳಿ ಎಷ್ಟೈತಿ?"

"ಎರಡಡಿ ಅಂತ ತೋರಸಾಕತ್ತೈತ್ರಿ ಅಕ್ಕೋರ."

"ಅದು ತೋರಸೂದು ನನಗೂ ಕಾಣ್ತೈತಿ. ನೀ ಏನಂತಿ?"

ಪ್ರತಿ ವರ್ಷ ಪ್ರತಿ ಶಿಷ್ಯನನ್ನೂ ಅವರು ಹೀಗೆಯೇ ಕೇಳುತ್ತಿದ್ದರು. ಯಂತ್ರದ ಮಾತನ್ನು ಮಾಡಿದವನ ಬಾಯಿಂದಲೂ ಕೇಳಿಸಿಕೊಂಡೇ ಮುಂದಿನ ಹೆಜ್ಜೆ.

ಚನ್ನವೀರ ಹೊಸಮನಿ ಸರ್ ಕಡೆ ನೋಡಿದ. ಸರ್ ಕೈಯಲ್ಲಿನ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು.

"ದಾಟಬಹುದ್ರಿ," ಅಂದ.

"ಹಂಗಾದ್ರ ಆಚೀ ದಂಡಿಗೆ ಹೋಗಿ ಬರ್ತೀನಿ."

ಅಕ್ಕೋರು ಹೊರಟರು. ಅರವತ್ತೆರಡು ವರ್ಷದ ಹೆಂಗಸು, ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಬೇವಿನ ಮರ ದಾಟಿ ಮೆಟ್ಟಿಲು ಇಳಿದರು. ಚನ್ನವೀರ ಹಿಂದೆಯೇ ಬಂದ. ಹೊಸಮನಿ ಸರ್ ಅಂಕಪಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೊಣಗುತ್ತ ಬಂದರು. "ಇದೊಂದು ಬ್ಯಾರೆ ಚಾಳಿ ಇವರದು."

ಹೊಳೆ ಶಾಂತವಾಗಿತ್ತು. ನೀರಿನೊಳಗಿನ ಕಲ್ಲುಹಾದಿಯ ಗುರುತಿಗೆ ನೆಟ್ಟ ಕಂಬಗಲ್ಲುಗಳು ಆಚೆ ದಂಡೆಯ ತನಕ ಸಾಲಾಗಿ ಕಾಣುತ್ತಿದ್ದವು.

ಅಕ್ಕೋರು ಚಪ್ಪಲಿ ಬಿಟ್ಟರು.

"ಅಕ್ಕೋರ, ಬಿಸಿಲು ಭಾಳ ಐತ್ರಿ. ಸಂಜಿಕ ಹೋಗ್ರಿ."

"ಬಿಸಿಲಿನ ಸುದ್ದಿ ನಿನ್ನ ಪುಟದಾಗ ಇಲ್ಲಲ್ಲ."

ಮೊದಲ ಹೆಜ್ಜೆ ಇಟ್ಟರು. ನೀರು ಹಿಮ್ಮಡಿ ಮುಳುಗಿಸಿತು.

"ಅಕ್ಕೋರ, ನಿಮ್ಮ ಕಾಲು ನೋಯ್ತೈತ್ರಿ."

ಅಕ್ಕೋರು ನಿಂತು ತಿರುಗಿ ನೋಡಿದರು. "ಚನ್ನವೀರ, ಹೊಳಿ ಬಗ್ಗೆ ಏನರ ಹೇಳೂದೈತೇನು?"

ಈಗ ಹೇಳಿಬಿಡಬೇಕು ಅನ್ನಿಸಿತು. ಮೂರು ಮಾರು ಆಚೆ ಹೊಸಮನಿ ಸರ್ ನಿಂತಿದ್ದರು. ಅಣ್ಣನ ಮುಖ, ಭಟ್ಟಿಯ ಹೊಗೆ, ಹೋದ ವರ್ಷ ಫಲಿತಾಂಶದ ದಿನ ಊರವರು ಕೇಳಿದ ಪ್ರಶ್ನೆ ಎಲ್ಲ ಒಮ್ಮೆಲೇ ಕಣ್ಣಮುಂದೆ ಬಂದವು.

"ಏನಿಲ್ರಿ," ಅಂದ.

ಅಕ್ಕೋರು ಮುಂದೆ ನಡೆದರು. ನೀರು ಮೊಣಕಾಲಿಗೆ ಬಂತು. ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯನ್ನು ಮೊದಲ ಕಂಬಗಲ್ಲಿನ ಮೇಲೆ ಊರಿದರು.

ಚನ್ನವೀರ ಪ್ಯಾಂಟು ಮಡಚಲು ಬಗ್ಗಿದ. "ತಡೀರಿ ಅಕ್ಕೋರ, ನಿಮ್ಮ ಜೋಡಿ ನಾನೂ ಬರ್ತೀನ್ರಿ!"

"ನೀ ಬಂದ್ರ ನೀರು ಇಳೀತೈತೇನು?"

ಅವನು ಬಗ್ಗಿದಲ್ಲೇ ಉಳಿದ. ಮುಳುಗಿದರೆ ಜೊತೆಗೆ ಮುಳುಗೋಣ ಅಂತ ಅವನ ಮನಸ್ಸು ಆಗಲೇ ತಯಾರಾಗಿತ್ತು. ಒಂದು ಮಾತು ಹೇಳಲು ಮಾತ್ರ ತಯಾರಾಗಿರಲಿಲ್ಲ. ಇದು ಅವನಿಗೇ ಹೊಳೆದು, ಮೈಮೇಲೆ ಬಿಸಿನೀರು ಬಿದ್ದಂತಾಯಿತು. ಎಂಥ ಹೇಡಿ ನಾನು ಅಂದುಕೊಂಡ.

ಎರಡನೆಯ ಕಂಬ ದಾಟಿತು. ಮೂರನೆಯದು. ನಾಲ್ಕನೆಯ ಕಂಬದ ಹತ್ತಿರ ಅಕ್ಕೋರ ಹೆಜ್ಜೆ ಒಂದು ಸಲ ಜಾರಿ, ಮತ್ತೆ ನಿಂತಿತು.

ಚನ್ನವೀರ ಜೇಬಿನಿಂದ ಫೋನು ತೆಗೆದು ಪುಟ ನೋಡಿದ. ಹೊಸ ಅಂಕಿ ಬಂದಿರಬಹುದು ಅನ್ನುವ ಆಸೆ. ಹಸಿರು ಅಕ್ಷರಗಳು. ಹತ್ತು ಗಂಟೆ ಇಪ್ಪತ್ತು ನಿಮಿಷ, ಎರಡಡಿ, ದಾಟಬಹುದು. ಬಂದಿದೆಯೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ಅವನೇ ಬರೆದಿದ್ದ.

"ಅಕ್ಕೋರ!"

ಅವರು ತಿರುಗಿ ಕಿವಿಗೆ ಕೈ ಹಚ್ಚಿದರು. "ಏನಂದಿ? ನೀರಿನ ಸಪ್ಪಳದಾಗ ಕೇಳಸವಲ್ದು!"

ಅವನು ಇನ್ನೂ ಏನೂ ಅಂದಿರಲಿಲ್ಲ. ಅನ್ನುವುದಾದರೆ ಇಡೀ ದಂಡೆಗೆ ಕೇಳುವ ಹಾಗೆ ಅನ್ನಬೇಕಿತ್ತು.

"ಗೊತ್ತಿಲ್ರಿ!" ಚನ್ನವೀರ ಕೂಗಿದ. "ಹೊಳಿ ಎಷ್ಟೈತಿ ಅಂತ ನನಗ ಗೊತ್ತಿಲ್ಲ! ಮುಂಜಾನಿ ಆರರಿಂದ ನಂಬರ ಬಂದಿಲ್ರಿ! ಹಳೇದನ್ನ ನಾನ ಹಾಕೇನಿ! ವಾಪಸ್ ಬರ್ರಿ ಅಕ್ಕೋರ!"

ಕೊನೆಯ ಮಾತಿಗೆ ದನಿ ಒಡೆದು ಅಳುವೇ ಬಂತು. ಹಿಂದೆ ಹೊಸಮನಿ ಸರ್ ಕೆಮ್ಮಿದ್ದು ಕೇಳಿಸಿತು.

ಅಕ್ಕೋರು ಮೇಲ್ಗಡೆ ಹೊಳೆಯ ತಿರುವನ್ನೊಮ್ಮೆ ನೋಡಿದರು. ಆಮೇಲೆ ಹಿಂದಕ್ಕೆ ಹೆಜ್ಜೆ ಹಾಕತೊಡಗಿದರು. ಚನ್ನವೀರ ನೀರಿಗೆ ಧುಮುಕಿ, ಎದುರು ಹೋಗಿ, ತೋಳು ಹಿಡಿದ. ಎರಡನೆಯ ಕಂಬದ ಹತ್ತಿರ ಬಂದಾಗ ನೀರಿನ ಬಣ್ಣ ತಿರುಗಿತ್ತು. ಕಡ್ಡಿ ಕಸ ಬಂದು ಕಾಲಿಗೆ ಸುತ್ತಿಕೊಂಡವು. ಮೊದಲ ಕಂಬದ ಹೊತ್ತಿಗೆ ನೀರು ಸೊಂಟ ಮುಟ್ಟಿತು, ಅಕ್ಕೋರ ಎಡಗಾಲು ನೆಲ ಬಿಟ್ಟಿತು. ಹೊಸಮನಿ ಸರ್ ಅಂಕಪಟ್ಟಿಯನ್ನು ಮೆಟ್ಟಿಲ ಮೇಲೆ ಬಿಸಾಕಿ, ಬಗ್ಗಿ ಕೈ ಕೊಟ್ಟು ಇಬ್ಬರನ್ನೂ ಎಳೆದುಕೊಂಡರು.

ಮೂವರೂ ಮೆಟ್ಟಿಲ ಮೇಲೆ ಕೂತರು. ಅಕ್ಕೋರು ಸೆರಗು ಹಿಂಡಿ ಮುಗಿಸುವುದರೊಳಗೆ ನಡುಹೊಳೆಯ ಕಂಬಗಲ್ಲುಗಳು ಕಾಣದಾದವು.

ಹೊಸಮನಿ ಸರ್ ಸುಧಾರಿಸಿಕೊಂಡು ಪಟ್ಟಿ ಎತ್ತಿಕೊಂಡರು.

"ನಾ ಕೇಳ್ದೆ ನಿನಗ, ಒಮ್ಮೆನೂ ಕೈ ಕೊಡೂದಿಲ್ಲೇನು ಅಂತ. ಇಲ್ರಿ ಅಂದಿ."

"ತಪ್ಪಾತ್ರಿ ಸರ್."

"ತಪ್ಪಾತು ಅಂದ್ರ ಪಾಸ್ ಮಾಡಾಕ ಬರೂದಿಲ್ಲಪಾ. ಏನಂತೀರಿ ಮೇಡಂ?"

ಚನ್ನವೀರ ಗುರುಗಳ ಮುಖ ನೋಡಿದ. ಒಂದು ಮಾತು ಸಾಕಿತ್ತು. ಹುಡುಗ ಬಾಯಿಬಿಟ್ಟು ಒಪ್ಪಿಕೊಂಡಾನ, ಒಂದು ಸಲ ಬಿಡ್ರಿ ಅಂದಿದ್ದರೆ ಸಾಕಿತ್ತು.

"ಅಂಕ ಹಾಕೂದು ನಿಮ್ಮ ಕೆಲಸ, ಸರ್," ಅಂದರು ಅಕ್ಕೋರು.

ಸರ್ ಹನ್ನೆರಡು ಬರೆದರು. ಪಾಸಾಗಲು ಹದಿನಾರು ಬೇಕು. ಪಟ್ಟಿಯನ್ನು ಮಡಚಿ ಮೆಟ್ಟಿಲು ಹತ್ತಿ ಹೋದರು.

ಚನ್ನವೀರ ಕಲ್ಲಿನ ಹಾಗೆ ಕೂತಿದ್ದ.

"ಏಳು," ಅಂದರು ಅಕ್ಕೋರು. "ನಿನ್ನ ಪುಟ ಇನ್ನೂ ದಾಟಬಹುದು ಅನ್ನಾಕತ್ತೈತಿ. ಆಚೀ ದಂಡಿ ಮಂದಿ ನೋಡ್ತಾರ."

ಅವನು ಎದ್ದು ಓಡಿದ. ಒದ್ದೆ ಬಟ್ಟೆಯಲ್ಲೇ ಕೂತು ಆ ನಾಲ್ಕು ಸಾಲು ಕಿತ್ತೆಸೆದ. ಆ ಜಾಗದಲ್ಲಿ ಹೊಸದಾಗಿ ಬರೆದ. ಪುಟ ಕೆಂಪಾಯಿತು: ಹೊಳೆ ಎಷ್ಟಿದೆ ಗೊತ್ತಿಲ್ಲ. ಕೊನೆಯ ಸುದ್ದಿ ಬೆಳಿಗ್ಗೆ ಆರಕ್ಕೆ ಬಂದದ್ದು. ದಾಟಬೇಡಿ.

ಅಕ್ಕೋರು ಬಾಗಿಲಲ್ಲಿ ನಿಂತು ಓದಿದರು. ಸೀರೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಅವನಿಗೆ ಅಳು ಹೋಗಿ ಈಗ ಸಿಟ್ಟು ಬಂದಿತ್ತು. ಕೀಬೋರ್ಡನ್ನು ಆಚೆ ತಳ್ಳಿದ.

"ಒಂದು ಮಾತು ಕೇಳ್ತೀನ್ರಿ ಅಕ್ಕೋರ. ಬೈಬ್ಯಾಡ್ರಿ."

"ಕೇಳು."

"ಮುಂಜಾನಿನ ನೀವು ನನ್ನ ಕೋಡ್ ಓದೀರಿ. ಆ ನಾಲ್ಕು ಸಾಲು ನಿಮಗ ಸಿಕ್ಕಿದ್ವು. ಲ್ಯಾಬಿನ್ಯಾಗ ನನ್ನೊಬ್ಬನ್ನ ಕರದು ಹೇಳಿದ್ರ ನಾ ತಿದ್ದಿಕೊಳ್ತಿದ್ದೆ. ಅದನ್ನ ಬಿಟ್ಟು ಆ ಸರ್ ಮುಂದ, ಹೊಳಿತನಕ ಕರಕೊಂಡು ಹೋಗಿ, ನೀರಾಗ ಇಳದು... ಎಲ್ಲಾ ಗೊತ್ತಿದ್ದು ಈ ನಾಟಕ ಯಾಕ ಮಾಡಿದ್ರಿ?"

ಅಕ್ಕೋರು ಒಳಗೆ ಬಂದು ಅವನ ಎದುರು ಕೂತರು.

"ನಾ ಓದಿದ್ದು ನಿನ್ನಿ ಸಂಜಿಕ, ಚನ್ನವೀರ. ಇವತ್ತು ಓದಿದ್ದಿಲ್ಲ. ನೀ ದಾಟಬಹುದು ಅಂದಿ, ದಾಟಾಕ ಹೊಂಟಿದ್ದೆ."