ಹಾಡದೆ ಹೋದ ಅತಿಥಿ

ಹೈಮವತಿ ಹನ್ನೆರಡು ವರ್ಷಗಳ ಹಿಂದೆ ಆಶ್ರಮದಲ್ಲಿ ತಂಬೂರಿ ಕಲಿತವಳು. ಈಗ ಪಟ್ಟಣದಲ್ಲಿ ಅವಳದೇ ಒಂದು ಸ್ಟುಡಿಯೋ ಇತ್ತು. ಹಲವರ ದನಿಗಳನ್ನು ಹೊಂದಿಸಿ ಹಾಡು ಕಟ್ಟುವುದು ಅವಳ ಕೆಲಸ.

ಒಂದು ಬೆಳಿಗ್ಗೆ ಅವಳು ಲ್ಯಾಪ್‌ಟಾಪ್ ಹಿಡಿದು ನದಿ ದಂಡೆಯ ಆಶ್ರಮಕ್ಕೆ ಬಂದಳು. ಗುರು ನಿರ್ವಾಣಯ್ಯನವರು ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು.

“ಗುರುಗಳೇ, ಇದು ನನ್ನ ಮೊದಲ ಆಲ್ಬಮ್. ಏನೋ ಕೊರತೆ ಇದೆ. ಏನಂತ ತಿಳೀತಿಲ್ಲ.”

ಗುರು ಸೊಪ್ಪು ಬದಿಗಿಟ್ಟು ಕೇಳಿದರು. ಶಹನಾಯಿ ಇತ್ತು. ಗಿಟಾರ್ ಇತ್ತು. ಒಬ್ಬ ಯುವಕ ಒಂದೇ ಉಸಿರಿಗೆ ರ‍್ಯಾಪ್ ಹಾಡಿದ್ದ. ನಡುವೆ ಒಂದು ಕಡೆ ಬರೀ ತಾಳ ಕೇಳಿಸಿತು.

“ಇಲ್ಲಿ ಯಾಕೆ ಖಾಲಿ?”

“ಅದು ದಾನಮ್ಮನವರ ಜಾಗ. ಬೀಸುವ ಪದ ಹಾಡೋ ಅಜ್ಜಿ. ಅವರದು ಇನ್ನೂ ಆಗಿಲ್ಲ. ಉಳಿದ ಮೂವರೂ ಅವರವರ ಊರಿಂದಲೇ ರೆಕಾರ್ಡ್ ಮಾಡಿ ಕಳಿಸಿದ್ದಾರೆ.”

“ಹಾಗಾದರೆ ಇವರು ಒಬ್ಬರನ್ನೊಬ್ಬರು ನೋಡೇ ಇಲ್ಲ?”

“ಇಲ್ಲ. ಈಗೆಲ್ಲ ಅದರ ಅಗತ್ಯ ಇಲ್ಲ, ಗುರುಗಳೇ.”

“ಭಾನುವಾರ ಎಲ್ಲರನ್ನೂ ಇಲ್ಲಿಗೆ ಊಟಕ್ಕೆ ಕರಿ.”

“ಊಟ ಮಾಡಿದರೆ ಹಾಡು ಸರಿಹೋಗುತ್ತಾ?”

“ನನಗೂ ಗೊತ್ತಿಲ್ಲ. ನೋಡೋಣ” ಎಂದರು ಗುರು.

ಭಾನುವಾರ ನಾಲ್ವರೂ ಬಂದರು. ಶಹನಾಯಿಯ ಹುಲುಗಪ್ಪ ಭಜಂತ್ರಿ, ಗಿಟಾರಿನ ಜೋಯಲ್, ರ‍್ಯಾಪ್ ಹಾಡುವ ರಿಯಾಜ್. ದಾನಮ್ಮ ಬಸ್ಸಿಳಿದು ಒಬ್ಬರೇ ನಡೆದು ಬಂದರು.

ಪಂಕ್ತಿಯಲ್ಲಿ ದಾನಮ್ಮನ ಪಕ್ಕ ರಿಯಾಜ್ ಕೂತ.

“ನಿನ್ನ ಹಾಡು ಕೆಲಸದ ನಡುವೆ ಫೋನಲ್ಲಿ ಕೇಳಿದೆ ಕಣಪ್ಪ” ಎಂದರು ದಾನಮ್ಮ. “ಯಾಕೆ ಅಷ್ಟು ಅವಸರ? ಯಾರಾದರೂ ಅಟ್ಟಿಸಿಕೊಂಡು ಬರ್ತಿದ್ರಾ?”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ರಿಯಾಜ್.

ಊಟವಾದ ಮೇಲೆ ಹೈಮವತಿ ದಂಡೆಯ ಕಲ್ಲುಮಂಟಪದಲ್ಲಿ ಮೈಕುಗಳನ್ನು ಜೋಡಿಸಿದಳು. ದಾನಮ್ಮನನ್ನು ನಡುವೆ ಕೂರಿಸಿದರು. ಹಾಡು ಶುರುವಾಯಿತು.

ದಾನಮ್ಮನ ಸರದಿ ಬಂತು. ದಾನಮ್ಮ ಬಾಯಿ ತೆರೆಯಲಿಲ್ಲ.

ಇನ್ನೊಮ್ಮೆ ಮೊದಲಿನಿಂದ ನುಡಿಸಿದರು. ಆಗಲೂ ಇಲ್ಲ.

ಮೂರನೆಯ ಸಲ ಹಾಡು ಮುಗಿದಾಗ ಹೈಮವತಿ ಎದ್ದು ಅವರ ಬಳಿ ಹೋದಳು.

“ಯಾಕಜ್ಜಿ, ಗಂಟಲು ಸರಿಯಿಲ್ವಾ?”

“ಗಂಟಲಿಗೇನವ್ವ, ಚೆನ್ನಾಗೇ ಇದೆ.”

“ಬೀಸುಕಲ್ಲು ತರಿಸಲಾ? ಕೈಯಾಡಿದರೆ ಪದ ಬರಬಹುದು.”

“ಬೇಡ. ನೋಡವ್ವ, ಬೀಸುವಾಗ ಹಾಡಿದೀನಿ, ಕುಟ್ಟುವಾಗ ಹಾಡಿದೀನಿ. ಸುಮ್ಮನೆ ಕೂತು ಇನ್ನೊಬ್ಬರದ್ದು ಕೇಳಿದ್ದು ಇವತ್ತೇ ಮೊದಲು. ಬಾಯಿ ಬಿಟ್ಟರೆ ಅದು ಹೋಗಿಬಿಡುತ್ತೆ ಅನ್ನಿಸ್ತು.”

ದಾನಮ್ಮ ಎಲೆಅಡಿಕೆ ಹಾಕಿಕೊಂಡು ಐದು ಗಂಟೆಯ ಬಸ್ಸು ಹತ್ತಿದರು.

ಆಲ್ಬಮ್ಮಿನ ಪೋಸ್ಟರಿನಲ್ಲಿ ದಾನಮ್ಮನ ಹೆಸರು ಆಗಲೇ ಅಚ್ಚಾಗಿತ್ತು. ದಿನಾ ಯಾರಾದರೂ ಫೋನು ಮಾಡಿ ಅಜ್ಜಿಯ ಹಾಡು ಯಾವಾಗ ಎಂದು ಕೇಳುತ್ತಿದ್ದರು. ಹೈಮವತಿ ಎರಡು ವಾರ ಯೋಚಿಸಿದಳು. ಕೊನೆಗೆ ಪಟ್ಟಣದ ಒಬ್ಬ ಗಾಯಕಿಯನ್ನು ಕರೆಸಿ, ಮುದುಕಿಯ ದನಿಯಲ್ಲಿ ಬೀಸುವ ಪದ ಹಾಡಿಸಿ, ಖಾಲಿ ಜಾಗಕ್ಕೆ ಕೂಡಿಸಿದಳು.

ಚೆನ್ನಾಗಿಯೇ ಇತ್ತು. ಆದರೆ ಅದನ್ನು ಬಿಡುಗಡೆ ಮಾಡಲು ಕೈ ಬರಲಿಲ್ಲ. ಮತ್ತೆ ಆಶ್ರಮಕ್ಕೆ ಹೋದಳು.

ಗುರು ಕಣ್ಣು ಮುಚ್ಚಿ ಕೇಳಿದರು.

“ಈ ದನಿ ಯಾರದು?”

“ದಾನಮ್ಮನವರ ದನಿಯ ಹಾಗೇ ಇದೆ, ಅಲ್ವಾ?”

“ಯಾರದು ಅಂತ ಕೇಳಿದೆ.”

ಹೈಮವತಿ ತಲೆ ತಗ್ಗಿಸಿ ಗಾಯಕಿಯ ಹೆಸರು ಹೇಳಿದಳು.

“ಅವರು ಅವತ್ತು ಊಟಕ್ಕೆ ಬಂದಿದ್ದರಾ?”

“ಇಲ್ಲ.”

“ಅವತ್ತು ಬಂದವರದ್ದು ಹಾಕು, ಕೇಳೋಣ. ಇದ್ದ ಹಾಗೇ.”

ಭಾನುವಾರದ ರೆಕಾರ್ಡಿಂಗನ್ನು ಹೈಮವತಿ ಆಮೇಲೆ ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ದಾನಮ್ಮ ಸುಮ್ಮನಿದ್ದ ಜಾಗ ಬಂದಾಗಲೆಲ್ಲ ಬೇಸರದಿಂದ ನಿಲ್ಲಿಸಿಬಿಡುತ್ತಿದ್ದಳು. ಈಗ ಇಬ್ಬರೂ ಕೊನೆಯವರೆಗೂ ಕೇಳಿದರು.

ಆ ಜಾಗ ಬಂತು. ಅಲ್ಲಿ ತಾಳವೂ ಇರಲಿಲ್ಲ. ನೀರಿನ ಸದ್ದು ಇತ್ತು. ದಾನಮ್ಮನ ಬಳೆ ಒಮ್ಮೆ ಸಣ್ಣಗೆ ಸದ್ದು ಮಾಡಿತು.

ಆಮೇಲೆ ಬಂದ ಶಹನಾಯಿ ಹುಲುಗಪ್ಪನದೋ ಅಲ್ಲವೋ ಎನ್ನುವಷ್ಟು ಮೆಲ್ಲಗಿತ್ತು. ಗಿಟಾರು ಎರಡೇ ತಂತಿಯಲ್ಲಿ ಅದರ ಹಿಂದೆ ನಡೆಯಿತು. ರಿಯಾಜನ ಮಾತುಗಳು ಒಂದೊಂದಾಗಿ ಬಂದವು, ಎದುರಿಗೆ ಕೂತ ಒಬ್ಬರಿಗೆ ಹೇಳುತ್ತಿರುವ ಹಾಗೆ.

ಹೈಮವತಿ ಬೆರಗಾದಳು. “ಇವರು ಹೀಗೆ ಹಾಡಿದ್ದು ಯಾವಾಗ? ನಾನು ಅಲ್ಲೇ ಇದ್ದೆನಲ್ಲ!”

“ನೀನು ಏನು ನೋಡ್ತಿದ್ದೆ?”

“ದಾನಮ್ಮನವರ ಬಾಯಿ.”

“ರಿಯಾಜ್ ಏನು ನೋಡ್ತಿದ್ದ?”

ಹೈಮವತಿ ನೆನಪು ಮಾಡಿಕೊಂಡಳು. “ಅವರ ಕಣ್ಣು.”



ಹೈಮವತಿ ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡು, ಪಟ್ಟಣದ ಗಾಯಕಿಯ ದನಿಯನ್ನು ಹಾಡಿನಿಂದ ತೆಗೆದುಹಾಕಿದಳು. ಅಲ್ಲಿಂದಲೇ ದಾನಮ್ಮನಿಗೆ ಫೋನು ಮಾಡಿದಳು.

“ಅಜ್ಜಿ, ಆವತ್ತಿನದ್ದನ್ನೇ ಇಟ್ಟುಕೊಳ್ತೀನಿ. ನಿಮ್ಮ ಹೆಸರು ಹಾಕಬಹುದಾ?”

“ನಾನು ಹಾಡೇ ಇಲ್ವಲ್ಲವ್ವ!” ದಾನಮ್ಮ ನಗುತ್ತಿದ್ದರು. “ನಿನಗೆ ಸರಿ ಕಂಡ ಹಾಗೆ ಮಾಡು.”

ಫೋನಿಟ್ಟ ಮೇಲೂ ಹೈಮವತಿಯ ಅನುಮಾನ ಹೋಗಲಿಲ್ಲ.

“ಗುರುಗಳೇ, ಹೆಸರು ತೆಗೆದರೆ ಸುಳ್ಳಾಗುತ್ತೆ. ಅವರಿಲ್ಲದಿದ್ದರೆ ಈ ಹಾಡು ಹೀಗೆ ಆಗ್ತಿರಲಿಲ್ಲ. ಹಾಗಂತ ಹೆಸರು ಹಾಕಿದರೆ, ಜನ ಮೊದಲಿನಿಂದ ಕೊನೆವರೆಗೂ ಅವರ ದನಿ ಹುಡುಕ್ತಾರೆ. ಸಿಗೋದೇ ಇಲ್ಲ.”

“ಹುಡುಕಲಿ ಬಿಡು” ಎಂದರು ಗುರು. “ಹುಡುಕುವಾಗಲಾದರೂ ಕೇಳ್ತಾರೆ.”