ಮಜ್ಜಿಗೆಯ ಕುಡಿಕೆ

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಜಪಮಣಿಗಳಿಗಿಂತ ಬ್ಯಾಟರಿಗಳೇ ಹೆಚ್ಚು. ಗುರು ಅಡವಯ್ಯನವರು ಲಿಥಿಯಂ ಮತ್ತು ಗಂಧಕದಿಂದ ಬ್ಯಾಟರಿ ಮಾಡುವ ವಿದ್ಯೆ ಕಲಿಸುತ್ತಿದ್ದರು.

ಶಿಷ್ಯ ಮಹಾಂತೇಶ ಮೂರು ವರ್ಷದಿಂದ ಇದ್ದಿಲಿನ ಸಣ್ಣ ಸಣ್ಣ ತೂತುಗಳಲ್ಲಿ ಗಂಧಕ ತುಂಬುತ್ತಿದ್ದ. ಅವನ ಬ್ಯಾಟರಿಯಿಂದ ಮೊದಲ ದಿನ ದೀಪ ಝಗ್ಗೆಂದು ಬೆಳಗುತ್ತಿತ್ತು. ಹತ್ತನೇ ದಿನ ಮಿಣಮಿಣ. ಇಪ್ಪತ್ತಕ್ಕೆ ಗೋವಿಂದ.

ಒಂದು ಸಂಜೆ ಅವನು ಚೀಲ ಹೊತ್ತು ಗುರುಗಳ ಮುಂದೆ ನಿಂತ. ಜಿಪ್ಪು ಕಿತ್ತುಬರುವಂತೆ ಬಟ್ಟೆ ತುರುಕಿದ್ದ.

"ಹೊಂಟೆ ಗುರುಗಳೇ. ಈ ವಿದ್ಯಾ ನನಗ ದಕ್ಕಂಗಿಲ್ಲ."

"ಯಾಕ, ಏನಾತು?"

"ಗಂಧಕ ಕರಗಿ ಲಿಥಿಯಂ ಕಡೆ ಓಡಿಹೋಗ್ತದ್ರಿ. ಓಡಬಾರದಂತ ಒಂದು ತೂತೂ ಖಾಲಿ ಬಿಡದ ಗಿಡಿದು ತುಂಬಿದೆ, ಬಾಯಿನೂ ಮುಚ್ಚಿದೆ. ಇದ್ದಿಲಾ ಬಿರಿತದ, ಮತ್ತ ಓಡ್ತದ."

"ಆಗ್ಲಿ. ಮುಂಜಾನೆ ಉಸಳಿ ತಿಂದು ಹೋಗುವಂತಿ. ಈಗ ಕಡ್ಲಿ ನೆನಿಯಾಕ ಹಾಕು. ಈ ಕುಡಿಕ್ಯಾಗ ಎಷ್ಟು ಹಿಡಿತಾವೋ ಅಷ್ಟು. ಬಾಯಿ ಬಿಗಿದು ಕಟ್ಟು. ಒಂದು ಕಾಳೂ ಹೊರಗ ಬರಬಾರದು."

ಅದು ಗುರುಗಳು ಮೂವತ್ತು ವರ್ಷದಿಂದ ಮಜ್ಜಿಗೆ ಕುಡಿಯುತ್ತಿದ್ದ ಕುಡಿಕೆ. ಬೇರೆಯವರು ಮುಟ್ಟಿದರೆ ಆಶ್ರಮವೇ ನಡುಗುತ್ತಿತ್ತು. ಅದನ್ನು ತನ್ನ ಕೈಗೆ ಕೊಟ್ಟರಲ್ಲ ಎಂದು ಮಹಾಂತೇಶನಿಗೆ ಅಳುವೇ ಬಂತು. ಕಂಠಮಟ್ಟ ಕಡಲೆ ತುಂಬಿ, ನೀರು ಸುರಿದು, ಮುಚ್ಚಳವಿಟ್ಟು ದಾರದಿಂದ ಬಿಗಿದ.

ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಬಂದು ನೋಡಿದರೆ ಕುಡಿಕೆ ಎರಡು ಹೋಳು. ನೆಲದ ತುಂಬ ಕಡಲೆ.

"ತಪ್ಪಾತ್ರಿ! ನಿಮ್ಮ ಕುಡಿಕಿ..."

"ಸಂತ್ಯಾಗ ಕುಡಿಕಿ ಬೇಕಾದಷ್ಟು ಸಿಗ್ತಾವ ಬಿಡೋ," ಎಂದರು ಗುರುಗಳು. "ಇವು ಯಾಕ ಹೊರಗ ಬಂದ್ವು? ಓಡಿಹೋಗೋ ಆಸೆ ಇತ್ತೇನು?"

ಮಹಾಂತೇಶ ಒಂದು ಕಾಳು ಎತ್ತಿ ನೋಡಿದ. ನಿನ್ನೆಯದಕ್ಕಿಂತ ಎರಡರಷ್ಟಿತ್ತು.

"ಇಲ್ರಿ. ನೀರು ಕುಡಿದು ಉಬ್ಬಿದ್ವು. ಜಾಗ ಸಾಲಲಿಲ್ಲ..."

ಅವನಿಗೆ ತನ್ನ ಬಿರಿದ ಇದ್ದಿಲು ನೆನಪಾಯಿತು. ಲಿಥಿಯಂ ಸೇರಿದಾಗ ಗಂಧಕವೂ ಉಬ್ಬುತ್ತದೆ. ಪುಸ್ತಕದಲ್ಲಿ ಓದಿದ್ದ, ತುಂಬುವಾಗ ಮರೆತಿದ್ದ.

ಹೆಗಲಿನ ಚೀಲ ಕೆಳಗಿಟ್ಟ. "ಹಂಗಾದ್ರ ಎಷ್ಟು ಜಾಗ ಬಿಡಬೇಕ್ರಿ ಗುರುಗಳೇ?"

ಅಡವಯ್ಯನವರು ಒಳಗೆ ಹೋಗಿ ಇನ್ನೊಂದು ಕುಡಿಕೆ, ಒಂದು ಸೇರು ಒಣ ಕಡಲೆ ತಂದು ಅವನ ಮುಂದಿಟ್ಟರು.

"ಕಡ್ಲಿನ್ನ ಕೇಳು. ಅವು ಹೇಳೋದು ನಾಳೆ ಮುಂಜಾನೆ."